ಕಂಪನಿ ಕೈ ಬದಲಾಯಿತು, ನಿಮ್ಮ ‘ಬೇಡ’ ಎಲ್ಲಿ ಹೋಯಿತು?

ವರ್ಷಗಟ್ಟಲೆ ತಕರಾರಿಲ್ಲದೆ ತೆರೆಯುತ್ತಿದ್ದ ವೆಬ್‌ಸೈಟು ಒಂದು ದಿನ ಪರದೆ ತುಂಬ ಪೆಟ್ಟಿಗೆ ಹಾಕಿಕೊಂಡು ಅಡ್ಡ ನಿಲ್ಲುತ್ತದೆ. ‘ನಾವೀಗ ಇಂಥ ಬಳಗಕ್ಕೆ ಸೇರಿದ್ದೇವೆ. ನಾವು ಮತ್ತು ನಮ್ಮ ಪಾಲುದಾರರು ನಿಮ್ಮ ಖಾಸಗಿತನಕ್ಕೆ ಬೆಲೆ ಕೊಡುತ್ತೇವೆ’ ಅಂತ ಮೇಲೆ. ಕೆಳಗೆ ಢಾಳಾದ ನೀಲಿ ಗುಂಡಿ, ‘ಎಲ್ಲಕ್ಕೂ ಒಪ್ಪಿಗೆ’. ಅದರ ಪಕ್ಕ ಕಣ್ಣಿಗೆ ಬೀಳದ ಬೂದು ಅಕ್ಷರದಲ್ಲಿ ‘ಆಯ್ಕೆ ಬದಲಿಸಿ’. ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವವರು ನೋಡುವ ಪ್ರಚಲಿತ ವಿದ್ಯಮಾನದ ತಾಣವಿರಲಿ, ಹುಬ್ಬಳ್ಳಿಯ ಅಂಗಡಿಯವರು ದಿನಾ ತೆರೆಯುವ ಬಿಲ್ಲಿಂಗ್ ಸಾಫ್ಟ್‌ವೇರಿನ ಲಾಗಿನ್ ಪುಟವಿರಲಿ, ಮಾಲೀಕ ಬದಲಾದ ಮೇಲೆ ಎಲ್ಲ ಕಡೆ ಇದೇ ಹಾಡು. ‘ಹೂಂ ಅಂತ ಒತ್ತಿ ಮುಂದ ಹೋಗ್ರಿ’ ಎನ್ನುವುದು ನಮ್ಮ ಕಡೆಯ ಖಾಯಂ ಸಲಹೆ. ಕೆಟ್ಟ ಸಲಹೆ.

ಕಂಪನಿ ಮಾರಾಟವಾದಾಗ ನಿಮ್ಮ ಹೆಸರು, ಇಮೇಲು, ಫೋನ್ ನಂಬರು, ಏನೇನು ಓದಿದಿರಿ ಎಂಬ ದಾಖಲೆ ಎಲ್ಲವೂ ಸರ್ವರಿನಲ್ಲಿರುತ್ತದೆ. ಸರ್ವರಿನ ಜೊತೆ ಅದೂ ಹೊಸಬರ ಕೈಗೆ ಹೋಗುತ್ತದೆ. ಆದರೆ ನೀವು ಹಿಂದೆ ಒತ್ತಿದ್ದ ‘ಬೇಡ’ ಬಹಳಷ್ಟು ಸಲ ಸರ್ವರಿನಲ್ಲಿ ಇರುವುದೇ ಇಲ್ಲ. ಅದು ನಿಮ್ಮ ಬ್ರೌಸರಿನಲ್ಲಿ ಒಂದು ಕುಕೀಯಾಗಿ, ಅಂದರೆ ತಾಣ ಬರೆದಿಡುವ ಸಣ್ಣ ಗುರುತುಚೀಟಿಯಾಗಿ ಕುಳಿತಿರುತ್ತದೆ. ಅದನ್ನು ಬರೆದದ್ದು ಹಳೆಯ ಮಾಲೀಕ ಬಾಡಿಗೆಗೆ ತಂದಿದ್ದ ಒಪ್ಪಿಗೆ ಸಾಫ್ಟ್‌ವೇರು. ಹೊಸ ಮಾಲೀಕ ತನ್ನ ಉಳಿದ ತಾಣಗಳಲ್ಲಿ ಬಳಸುವ ಬೇರೆ ಸಾಫ್ಟ್‌ವೇರನ್ನು ಇಲ್ಲಿಗೂ ತರುತ್ತಾನೆ. ಅದಕ್ಕೆ ಹಳೆಯ ಕುಕೀಯ ಹೆಸರೂ ಗೊತ್ತಿಲ್ಲ, ಅದರ ಭಾಷೆಯೂ ಗೊತ್ತಿಲ್ಲ. ದುರ್ಗದಬೈಲಿನ ಕಿರಾಣಿ ಅಂಗಡಿ ಕೈ ಬದಲಾದರೆ ಉದ್ರಿ ಪುಸ್ತಕ ಹೊಸಬನಿಗೆ ಸಿಗುತ್ತದೆ, ‘ನಮ್ಮ ಹುಡುಗ ಬಂದು ಕೇಳಿದ್ರ ಉದ್ರಿ ಕೊಡಬ್ಯಾಡ್ರಿ’ ಎಂದು ಹಳಬನಿಗೆ ಬಾಯಿಮಾತಲ್ಲಿ ಹೇಳಿದ್ದು ಸಿಗುವುದಿಲ್ಲ. ಹಾಗೆ.

ಇದು ತಾಂತ್ರಿಕ ಕಾರಣ. ಇನ್ನೊಂದು ಕಾರಣ ವ್ಯಾಪಾರದ್ದು. ಕೊಂಡವನಿಗೆ ಓದುಗರ ಮಾಹಿತಿಯನ್ನು ತನ್ನ ಜಾಹೀರಾತು ಜಾಲಕ್ಕೆ ಜೋಡಿಸಬೇಕು. ಮಾಲೀಕರ ಹೆಸರಷ್ಟೇ ಬದಲಾಗಿ ಬಳಕೆ ಮೊದಲಿನಂತೆಯೇ ಇದ್ದರೆ ಒಂದು ಸಾಲಿನ ತಿಳಿವಳಿಕೆ ಸಾಕಾಗುತ್ತದೆ. ಬಳಕೆಯ ಉದ್ದೇಶ ಹಿಗ್ಗಿದಾಗ ಮಾತ್ರ ಹೊಸ ಒಪ್ಪಿಗೆ ಬೇಕು. ಹಾಗಾಗಿ ಮಾರಾಟದ ನಂತರ ದೊಡ್ಡ ಪೆಟ್ಟಿಗೆ ಎದ್ದರೆ ಬರೀ ಸಾಫ್ಟ್‌ವೇರು ಬದಲಾಗಿದೆಯೋ, ಹಿಂದೆ ಏನೋ ಹಿಗ್ಗಿದೆಯೋ ಎಂದು ಅನುಮಾನಿಸಿ. ಮೊದಲು ನೋಡಬೇಕಾದದ್ದು ಏನು ಹಿಗ್ಗಿತು ಎಂಬುದನ್ನೇ.

ಈ ಕಿರಿಕಿರಿ ಜಗತ್ತಿಗೆಲ್ಲ ಒಟ್ಟಿಗೆ ಗೊತ್ತಾದದ್ದು 2018ರಲ್ಲಿ. ಅಮೆರಿಕದ ಟೆಲಿಫೋನ್ ಕಂಪನಿ ವೆರೈಝನ್ 2015ರಲ್ಲಿ ಎಒಎಲ್, 2017ರಲ್ಲಿ ಯಾಹೂ ಕೊಂಡು ಎರಡನ್ನೂ ಸೇರಿಸಿ ‘ಓತ್’ ಎಂದು ಹೆಸರಿಟ್ಟಿತು. 2018ರ ಮೇ 25ರಿಂದ ಯುರೋಪಿನಲ್ಲಿ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂತು. ಹೀಗೆ ಓತ್ ಕೈಗೆ ಬಂದಿದ್ದ ಟಂಬ್ಲರ್ ಎಂಬ ಬ್ಲಾಗು ತಾಣ, ಟೆಕ್‌ಕ್ರಂಚ್, ಎನ್‌ಗ್ಯಾಜೆಟ್ ಎಂಬ ತಂತ್ರಜ್ಞಾನ ಸುದ್ದಿತಾಣಗಳನ್ನು ಓದುತ್ತಿದ್ದವರಿಗೆ ಒಮ್ಮೆಲೇ ಓತ್ ಹೆಸರಿನ ಒಪ್ಪಿಗೆ ಪುಟ ಎದುರಾಯಿತು. ಟಂಬ್ಲರಿನಲ್ಲಂತೂ ನೂರಾರು ಪಾಲುದಾರರ ಪಟ್ಟಿ, ಎಲ್ಲದಕ್ಕೂ ಮೊದಲೇ ಟಿಕ್. ಬೇಡವೆಂದರೆ ಒಂದೊಂದನ್ನೇ ತೆಗೆಯಬೇಕು. ಟೆಕ್‌ಕ್ರಂಚ್ ಕೊಂಡಿ ಒತ್ತಿದರೆ ಬ್ರೌಸರು ಮೊದಲು ಅಡ್ವರ್ಟೈಸಿಂಗ್ ಡಾಟ್ ಕಾಮ್ ಅಡಿಯ ಒಂದು ವಿಳಾಸಕ್ಕೆ ಹೋಗಿ, ಅಲ್ಲಿ ಗುರುತು ಹಾಕಿಸಿಕೊಂಡು ವಾಪಸು ಬರುತ್ತಿತ್ತು. ಜಾಹೀರಾತು ವಿಳಾಸಗಳನ್ನು ಹುಡುಕುವ ಹಂತದಲ್ಲೇ ತಡೆಯುವ ಡಿಎನ್‌ಎಸ್ ಸೇವೆ ಇಟ್ಟುಕೊಂಡವರಿಗೆ ಸುದ್ದಿಯೇ ತೆರೆಯುತ್ತಿರಲಿಲ್ಲ, ಏಕೆಂದರೆ ಒಪ್ಪಿಗೆ ಕೇಳುವ ವಿಳಾಸವೇ ತಡೆಪಟ್ಟಿಯಲ್ಲಿತ್ತು! ಇಂಥ ಸುತ್ತುಬಳಸಿನ ದಾರಿ ಇವತ್ತಿಗೂ ಕೆಲವು ತಾಣಗಳಲ್ಲಿದೆ. ಪುಟ ಗಿರಗಿರ ತಿರುಗಿ ಮತ್ತೆ ಒಪ್ಪಿಗೆ ಪುಟಕ್ಕೇ ಬಂದು ನಿಂತರೆ ಎರಡೂ ವಿಳಾಸಗಳ ಕುಕೀ ಅಳಿಸಿ ನೋಡಿ. ಆಗಲೂ ಸರಿಯಾಗದಿದ್ದರೆ ತಡೆಯುವ ಸಾಫ್ಟ್‌ವೇರನ್ನು ಆ ಒಂದು ತಾಣಕ್ಕಷ್ಟೇ ಸಡಿಲಿಸಿ, ‘ಬೇಡ’ ಒತ್ತಿ, ಮತ್ತೆ ಬಿಗಿ ಮಾಡಿ.

ಮೊದಲೇ ಹಾಕಿದ ಟಿಕ್ ಒಪ್ಪಿಗೆಯಾಗದು ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಮೊಕದ್ದಮೆಯಲ್ಲಿ ಹೇಳಿತು. ಒಪ್ಪುವುದು ಒಂದು ಒತ್ತಿಗೆ, ನಿರಾಕರಿಸುವುದು ಹಲವು ಒತ್ತಿಗೆ ಎಂಬ ಕಾರಣಕ್ಕೆ ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದು 2022ರ ಜನವರಿಯಲ್ಲಿ ಪ್ರಕಟವಾಯಿತು. ಈಗ ಕೆಲವು ಪೆಟ್ಟಿಗೆಗಳ ಮೊದಲ ಪರದೆಯಲ್ಲೇ ‘ಎಲ್ಲ ನಿರಾಕರಿಸು’ ಕಾಣುತ್ತದಲ್ಲ, ಅದು ಇಂಥ ಆದೇಶಗಳ ಫಲ. ಆದರೆ ಆ ಗುಂಡಿ ಯುರೋಪಿನಿಂದ ನೋಡಿದರೆ ಇರುತ್ತದೆ, ಹುಬ್ಬಳ್ಳಿಯಿಂದ ನೋಡಿದರೆ ಅದೇ ತಾಣದಲ್ಲಿ ಮಾಯವಾಗಿರಬಹುದು. ಐಪಿ ವಿಳಾಸದಿಂದ ದೇಶ ಗುರುತಿಸಿ ಬೇರೆ ಬೇರೆ ಪೆಟ್ಟಿಗೆ ತೋರಿಸುವುದು ಈ ಸಾಫ್ಟ್‌ವೇರುಗಳಲ್ಲಿ ಒಂದು ಸೆಟ್ಟಿಂಗ್ ಅಷ್ಟೇ.

ನಮಗೆ ಹತ್ತಿರದ ಉದಾಹರಣೆ ವಾಟ್ಸಾಪ್. ಫೇಸ್‌ಬುಕ್ ಅದನ್ನು ಕೊಂಡದ್ದು 2014ರಲ್ಲಿ. 2016ರ ಆಗಸ್ಟಿನಲ್ಲಿ ಷರತ್ತು ಬದಲಿಸಿ, ಫೇಸ್‌ಬುಕ್ ಜಾಹೀರಾತಿಗೆ ತಮ್ಮ ಮಾಹಿತಿ ಬಳಸುವುದು ಬೇಡವೆನ್ನಲು ಆಗಲೇ ಇದ್ದ ಬಳಕೆದಾರರಿಗೆ 30 ದಿನ ಕೊಟ್ಟಿತು. ಎರಡೂ ಕಡೆಯ ಖಾತೆಗಳನ್ನು ತಾನಾಗಿಯೇ ಜೋಡಿಸಲಾಗದು ಎಂದು ಖರೀದಿಯ ಹೊತ್ತಿನಲ್ಲಿ ಫೇಸ್‌ಬುಕ್ ಹೇಳಿದ್ದು ದಾರಿ ತಪ್ಪಿಸುವ ಮಾಹಿತಿ ಎಂದು ಯುರೋಪಿಯನ್ ಕಮಿಷನ್ 2017ರ ಮೇನಲ್ಲಿ 11 ಕೋಟಿ ಯೂರೋ ದಂಡ ವಿಧಿಸಿತು. 2021ರ ಜನವರಿಯಲ್ಲಿ ಬಂದ ಪಾಪ್‌ಅಪ್ ನಿಮಗೂ ನೆನಪಿರಬೇಕು: ಒಪ್ಪಿ, ಇಲ್ಲವಾದರೆ ಬಿಡಿ. ಫೆಬ್ರುವರಿ 8ರ ಗಡುವು ಗಲಾಟೆಯಾಗಿ ಮೇ 15ಕ್ಕೆ ಹೋಯಿತು. ಆ ‘ಒಪ್ಪಿ ಇಲ್ಲವೇ ಬಿಡಿ’ ಧೋರಣೆಗೇ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಗೆ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) 213.14 ಕೋಟಿ ರೂಪಾಯಿ ದಂಡ ಹಾಕಿತು, ಮೆಟಾ ಮೇಲ್ಮನವಿ ಹೋಯಿತು. ಇದರಲ್ಲಿ ಗಮನಿಸಬೇಕಾದದ್ದು ಅಂತರ. ಕೊಂಡ ದಿನವೇ ಯಾರೂ ಕೇಳುವುದಿಲ್ಲ. ಜನ ಬಿಟ್ಟು ಹೋಗಲಾರದಷ್ಟು ಅಂಟಿಕೊಂಡ ಮೇಲೆ ಕೇಳುತ್ತಾರೆ.

ಸರಿ, ಪೆಟ್ಟಿಗೆ ಎದುರಿಗೆ ನಿಂತಿದೆ. ಬೂದು ಅಕ್ಷರದ ‘ಆಯ್ಕೆ ಬದಲಿಸಿ’ ಒತ್ತಿ. ಒಳಗೆ ಎರಡು ಭಾಗ ಇರುತ್ತವೆ. ಮೊದಲನೆಯದು ಉದ್ದೇಶಗಳು: ಮಾಹಿತಿ ಸಂಗ್ರಹ, ಜಾಹೀರಾತು, ಅಳತೆ, ಹೀಗೆ. ಇವು ಸಾಮಾನ್ಯವಾಗಿ ಆಫ್ ಆಗಿರುತ್ತವೆ. ಅಲ್ಲಿಗೆ ಮುಗಿಯಿತೆಂದು ವಾಪಸು ಬರಬೇಡಿ. ಪಕ್ಕದಲ್ಲಿ ‘ಲೆಜಿಟಿಮೇಟ್ ಇಂಟರೆಸ್ಟ್’ ಎಂಬ ಇನ್ನೊಂದು ಟ್ಯಾಬ್ ಅಥವಾ ಇನ್ನೊಂದು ಸಾಲು ಗುಂಡಿಗಳಿರುತ್ತವೆ. ನಿಮ್ಮನ್ನು ಕೇಳದೆಯೇ ಬಳಸಲು ತಮಗೆ ಹಕ್ಕಿದೆ ಎಂದು ಕಂಪನಿಗಳು ಹೇಳಿಕೊಳ್ಳುವ ಭಾಗ ಅದು, ಹಾಗಾಗಿ ಮೊದಲಿಂದಲೇ ಆನ್ ಇರುತ್ತದೆ. ‘ಆಬ್ಜೆಕ್ಟ್ ಆಲ್’ ಎಂಬ ಕೊಂಡಿ ಕಂಡರೆ ಒತ್ತಿ, ಕಾಣದಿದ್ದರೆ ಒಂದೊಂದಾಗಿ ಆಫ್ ಮಾಡಿ. ಜಾಹೀರಾತು ಉದ್ಯಮದ ಒಕ್ಕೂಟ ಐಎಬಿ ಯುರೋಪ್ 2023ರಲ್ಲಿ ತಂದ ಟಿಸಿಎಫ್ 2.2 ನಿಯಮದ ಪ್ರಕಾರ, ನಿಮಗೆ ತಕ್ಕಂತೆ ಜಾಹೀರಾತು ತೋರಿಸಲು ಈ ಹಕ್ಕಿನ ನೆಪ ಹೇಳುವಂತಿಲ್ಲ, ಒಪ್ಪಿಗೆಯೇ ಬೇಕು. ಮೊದಲ ಪರದೆಯಲ್ಲೇ ಪಾಲುದಾರರ ಸಂಖ್ಯೆ ತೋರಿಸಬೇಕೆಂಬುದೂ ಅದೇ ನಿಯಮ. ಮಾರಾಟಕ್ಕೆ ಮೊದಲು ಕೆಲವೇ ಹತ್ತುಗಳಲ್ಲಿದ್ದ ಸಂಖ್ಯೆ ನೂರಾರಕ್ಕೆ ಏರಿದ್ದರೆ ಏನು ಹಿಗ್ಗಿತು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕೊನೆಗೆ ‘ಸೇವ್’ ಗುಂಡಿ. ಇಲ್ಲಿ ಕಣ್ಣು ತೆರೆದಿಡಿ: ‘ಆಯ್ಕೆ ಉಳಿಸು’ ಎಂಬುದು ಮಂಕಾಗಿ, ‘ಎಲ್ಲ ಒಪ್ಪಿ ಮುಚ್ಚು’ ಎಂಬುದು ಹೊಳೆಯುತ್ತಾ ಇರುತ್ತದೆ.

ಅವಸರದಲ್ಲಿ ಒಪ್ಪಿಬಿಟ್ಟಿದ್ದರೂ ದಾರಿಯಿದೆ. ಪುಟದ ತೀರಾ ಕೆಳಗೆ ‘ಪ್ರೈವಸಿ ಸೆಟ್ಟಿಂಗ್ಸ್’ ಅಥವಾ ‘ಕುಕೀ ಪ್ರಿಫರೆನ್ಸಸ್’ ಹುಡುಕಿ. ಸಿಗದಿದ್ದರೆ ಆಂಡ್ರಾಯ್ಡ್ ಕ್ರೋಮಿನಲ್ಲಿ ವಿಳಾಸದ ಎಡಬದಿಯ ಗುರುತು ಒತ್ತಿ, ‘ಕುಕೀಸ್ ಅಂಡ್ ಸೈಟ್ ಡೇಟಾ’ಕ್ಕೆ ಹೋಗಿ ಅಳಿಸಿ. ಲಾಗಿನ್ ಹೋಗುತ್ತದೆ, ಪಾಸ್‌ವರ್ಡು ಕೈಯಲ್ಲಿರಲಿ.

‘ಬೇಡ ಅಂತ ಒತ್ತಿದ್ರೂ ಮತ್ತ ಬರತೈತಿ’ ಎನ್ನುವ ದೂರು ಹೆಚ್ಚು. ಕಾರಣ ಒಂದೇ ಅಲ್ಲ. ಐಫೋನಿನ ಸಫಾರಿ 2019ರಿಂದ, ಪುಟದೊಳಗಿನ ಸ್ಕ್ರಿಪ್ಟ್ ಬರೆದ ಕುಕೀಯನ್ನು 7 ದಿನಕ್ಕೆ ಅಳಿಸುತ್ತದೆ. ಜಾಹೀರಾತಿನವರ ಕಳ್ಳ ಗುರುತು ಅಳಿಸಲು ಮಾಡಿದ್ದು ಇದು, ಆದರೆ ನಿಮ್ಮ ‘ಬೇಡ’ವೂ ಅಂಥದೇ ಕುಕೀ, ಅದೂ ಹೋಗುತ್ತದೆ. ತಾಣದವರು ಆ ಉತ್ತರವನ್ನು ಸರ್ವರಿನಿಂದ ಬರೆದರೆ ಈ ತೊಂದರೆ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗಿಂದ ಕೊಂಡಿ ಒತ್ತಿದರೆ ಪುಟ ತೆರೆಯುವುದು ಆ ಆ್ಯಪಿನ ಸ್ವಂತ ಬ್ರೌಸರಿನಲ್ಲಿ. ಅದರ ಕುಕೀ ಡಬ್ಬಿ ಬೇರೆ, ಕ್ರೋಮಿನಲ್ಲಿ ನೀವು ಕೊಟ್ಟ ಉತ್ತರ ಅದಕ್ಕೆ ಗೊತ್ತಿಲ್ಲ. ಮೂರು ಚುಕ್ಕಿ ಒತ್ತಿ ‘ಬ್ರೌಸರಿನಲ್ಲಿ ತೆರೆ’ ಎನ್ನಿ. ಇನ್‌ಕಾಗ್ನಿಟೊದಲ್ಲಿ ಪ್ರತಿ ಸಲವೂ ಕೇಳುವುದು ಸಹಜ. ನೆಟ್ ಸೆಂಟರುಗಳಲ್ಲಿ ಕಂಪ್ಯೂಟರು ಬಂದ್ ಮಾಡಿ ಶುರು ಮಾಡಿದಾಗ ಎಲ್ಲವೂ ಮೊದಲಿನ ಸ್ಥಿತಿಗೆ ಬರುವಂತೆ ಇಟ್ಟಿದ್ದರೆ ಅಲ್ಲೂ ಅಷ್ಟೇ. ಹಾಗೆ ಇಟ್ಟಿರದಿದ್ದರೆ ಅದು ಇನ್ನೂ ಕೆಟ್ಟದ್ದು: ಬೆಳಿಗ್ಗೆ ಅರ್ಜಿ ತುಂಬಲು ಬಂದವರು ಒತ್ತಿದ ‘ಒಪ್ಪಿಗೆ’ ಮಧ್ಯಾಹ್ನ ಕುಳಿತವರಿಗೂ ಅನ್ವಯಿಸುತ್ತದೆ. ಬ್ರೌಸರಿಗೆ ಮನುಷ್ಯರ ಗುರುತಿಲ್ಲ.

ಪೆಟ್ಟಿಗೆಯನ್ನು ಅಡಗಿಸುವ, ಬ್ರೌಸರಿಗೆ ಜೋಡಿಸುವ ಎಕ್ಸ್‌ಟೆನ್ಶನ್‌ಗಳ ಬಗ್ಗೆ ಸ್ವಲ್ಪ ಎಚ್ಚರ ಬೇಕು. ‘ಐ ಡೋಂಟ್ ಕೇರ್ ಅಬೌಟ್ ಕುಕೀಸ್’ ಇವುಗಳಲ್ಲಿ ಬಹಳ ಜನಪ್ರಿಯವಾಗಿತ್ತು. 2022ರಲ್ಲಿ ಅದನ್ನೇ ಆಂಟಿವೈರಸ್ ಕಂಪನಿ ಅವಾಸ್ಟ್ ಕೊಂಡುಕೊಂಡಿತು! ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿಗೆ 1.65 ಕೋಟಿ ಡಾಲರ್ ಕೊಡಬೇಕಾದ ಅದೇ ಅವಾಸ್ಟ್. ಪಾಪ್‌ಅಪ್ ಓಡಿಸಲು ಇಟ್ಟುಕೊಂಡ ಕಾವಲುಗಾರನೇ ಮಾರಾಟವಾದ ಮೇಲೆ ಹಲವರು ಅದರ ನಕಲಿನಿಂದ ಬೇರೆಯವರು ಮಾಡಿದ ‘ಐ ಸ್ಟಿಲ್ ಡೋಂಟ್ ಕೇರ್’ಗೆ ಹೋದರು. ಆದರೆ ಇಂಥವು ಅಗತ್ಯ ಬಿದ್ದರೆ ನಿಮ್ಮ ಪರವಾಗಿ ‘ಒಪ್ಪಿಗೆ’ಯನ್ನೂ ಒತ್ತುತ್ತವೆ. ಹೆಸರಲ್ಲೇ ಹೇಳಿದೆಯಲ್ಲ, ಚಿಂತೆಯಿಲ್ಲದವರಿಗೆ ಅಂತ. ನಿಜವಾಗಿ ‘ಬೇಡ’ ಒತ್ತಿಸಬೇಕೆಂದರೆ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಮಾಡಿದ ‘ಕನ್ಸೆಂಟ್-ಓ-ಮ್ಯಾಟಿಕ್’ ಹಾಕಿ. ಅದು ಒಳಗಿನ ಗುಂಡಿಗಳನ್ನು ನೀವು ಮೊದಲೇ ಹೇಳಿಟ್ಟ ಪ್ರಕಾರ ತಿರುಗಿಸುತ್ತದೆ. ಅದಕ್ಕೆ ಪರಿಚಯವಿಲ್ಲದ ಪೆಟ್ಟಿಗೆಗಳು ಉಳಿದುಬಿಡುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ಫೈರ್‌ಫಾಕ್ಸ್ ಬ್ರೌಸರು ಮತ್ತು ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಜೋಡಿ ಒಳ್ಳೆಯದು. ಯುಬ್ಲಾಕಿನ ಡ್ಯಾಶ್‌ಬೋರ್ಡಿನಲ್ಲಿ ‘ಫಿಲ್ಟರ್ ಲಿಸ್ಟ್ಸ್’ಗೆ ಹೋಗಿ ‘ಕುಕೀ ನೋಟಿಸಸ್’ ಪಟ್ಟಿಗೆ ಟಿಕ್ ಹಾಕಿ, ‘ಅಪ್ಲೈ’ ಒತ್ತಿ. ಪೆಟ್ಟಿಗೆ ಹೋಗಿ ಪುಟ ಸರಿಯದೆ ಗಟ್ಟಿ ನಿಂತರೆ ಹೆದರಬೇಡಿ. ಪೆಟ್ಟಿಗೆ ತೋರಿಸುವ ಸ್ಕ್ರಿಪ್ಟು ಹಿಂದಿನ ಪುಟದ ಸ್ಕ್ರಾಲನ್ನೂ ಬಂದ್ ಮಾಡಿರುತ್ತದೆ, ಪೆಟ್ಟಿಗೆ ಅಡಗಿತು, ಬೀಗ ಉಳಿಯಿತು. ಬರೀ ಬರಹ ತೋರಿಸುವ ರೀಡರ್ ಮೋಡ್‌ಗೆ ಹೋದರೆ ಲೇಖನ ಓದಬಹುದು. ಇನ್ನೊಂದು ಮಾತು: ಅಡಗಿಸುವುದು ನಿರಾಕರಿಸಿದಂತೆ ಅಲ್ಲ. ಯುರೋಪಿನಲ್ಲಿ ಉತ್ತರ ಕೊಡದಿದ್ದರೆ ಇಲ್ಲ ಎಂದೇ ಲೆಕ್ಕ. ಇಲ್ಲಿ ಎಷ್ಟೋ ತಾಣಗಳು ನೀವು ಏನೂ ಒತ್ತುವ ಮೊದಲೇ ಕುಕೀ ಹಾಕಿ ಮುಗಿಸಿರುತ್ತವೆ. ಅನುಮಾನವಿದ್ದರೆ ಕಂಪ್ಯೂಟರಿನ ಕ್ರೋಮಿನಲ್ಲಿ ಹೊಸ ಪ್ರೊಫೈಲು ಮಾಡಿ ಆ ತಾಣ ತೆರೆದು, ಪೆಟ್ಟಿಗೆಯಲ್ಲಿ ಏನನ್ನೂ ಒತ್ತದೆ ಎಫ್12 ಒತ್ತಿ, ‘ಅಪ್ಲಿಕೇಶನ್’ ಟ್ಯಾಬಿನಲ್ಲಿ ಕುಕೀಗಳನ್ನು ನೋಡಿ. ಆಗಲೇ ಜಾಹೀರಾತು ಕಂಪನಿಗಳ ಹೆಸರು ಸಾಲುಗಟ್ಟಿದ್ದರೆ ಆ ಪೆಟ್ಟಿಗೆ ಬರೀ ಅಲಂಕಾರ.

ನಮ್ಮ ಕಾನೂನು ಎಲ್ಲಿಗೆ ಬಂದಿದೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದ್ದು 2023ರ ಆಗಸ್ಟಿನಲ್ಲಿ, ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇನಲ್ಲಿ ಜಾರಿಗೆ ಬರಬೇಕು. 6ನೇ ಕಲಮಿನ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು, ಕನ್ನಡ ಅದರಲ್ಲಿ ಒಂದು. ಕಾಯ್ದೆಗೆ ಮೊದಲು ಪಡೆದ ಒಪ್ಪಿಗೆಗೂ ಹೊಸ ಸೂಚನೆ ಕಳಿಸಬೇಕು ಎನ್ನುತ್ತದೆ 5ನೇ ಕಲಮು. ಹಾಗಾಗಿ ಆ ಹೊತ್ತಿಗೆ ಪಾಪ್‌ಅಪ್‌ಗಳ ಇನ್ನೊಂದು ಅಲೆ ಖಂಡಿತ.

ಮಾರಾಟದ ವಿಷಯದಲ್ಲಿ ಕಾಯ್ದೆ ಉದಾರಿ. ನ್ಯಾಯಾಲಯವೋ ನ್ಯಾಯಮಂಡಳಿಯೋ ಒಪ್ಪಿದ ವಿಲೀನಕ್ಕೆ ಅಗತ್ಯವಾದ ದತ್ತಾಂಶ ಬಳಕೆಗೆ 17ನೇ ಕಲಮಿನಲ್ಲಿ ವಿನಾಯಿತಿ ಇದೆ. ಬರೀ ಷೇರು ಕೊಂಡರೆ ಕಂಪನಿ ಕಾನೂನಿನ ಕಣ್ಣಿಗೆ ಅದೇ ಕಂಪನಿ, ಮಾಹಿತಿ ಎಲ್ಲಿಗೂ ಹೋದಂತಲ್ಲ. ಆದರೆ ಆ ವಿನಾಯಿತಿ ವಿಲೀನ ಮುಗಿಸುವುದಕ್ಕೆ ಮಾತ್ರ. ಮುಗಿದ ಮೇಲೆ ಹೊಸ ಜಾಹೀರಾತಿಗೆ ಬಳಸುವುದು ಅದರೊಳಗೆ ಬರುವುದಿಲ್ಲ ಎಂದೇ ನನ್ನ ಓದು. ಕಂಪನಿಗೆ ದೂರು ಇಮೇಲು ಬರೆಯುವಾಗ ಉದ್ದ ಬೇಡ: ಮಾರಾಟದ ಮೊದಲು ನಾನು ಯಾವ ಉದ್ದೇಶಕ್ಕೆ ಒಪ್ಪಿದ್ದೆ, ಈಗ ಯಾವುದಕ್ಕೆ ಬಳಸುತ್ತಿದ್ದೀರಿ, ಯಾರಿಗೆಲ್ಲ ಕೊಟ್ಟಿದ್ದೀರಿ, ಒಪ್ಪಿಗೆ ಹಿಂಪಡೆಯುತ್ತೇನೆ, ಅಳಿಸಿ. ನೋಂದಾಯಿಸಿದ ಇಮೇಲಿನಿಂದಲೇ ಕಳಿಸಿ, ಇಲ್ಲವಾದರೆ ‘ಗುರುತು ಸಾಬೀತು ಮಾಡಿ’ ಎಂದು ವಾರಗಟ್ಟಲೆ ಎಳೆಯುತ್ತಾರೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ವೆಬ್‌ಸೈಟು ಕಟ್ಟಿಕೊಡುವ ಹುಡುಗರಿಗೆ ಒಂದು ವಿನಂತಿ. ನಿಮ್ಮ ಗಿರಾಕಿಯ ತಾಣ ಮಾರಾಟವಾಗುತ್ತಿದ್ದರೆ ಹಸ್ತಾಂತರದ ಕಡತದಲ್ಲಿ ಹಳೆಯ ಒಪ್ಪಿಗೆ ಕುಕೀಯ ಹೆಸರು, ಅದರಲ್ಲಿನ ಪ್ರತಿ ಅಂಕಿಯ ಅರ್ಥ, ಅವಧಿ ಬರೆದಿಡಿ. ಡೊಮೇನ್ ಬದಲಾಗುವುದಿದ್ದರೆ ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವಾಗಲೇ ಉತ್ತರವನ್ನೂ ದಾಟಿಸಿ, ಹಳೆಯ ಡೊಮೇನಿನ ಕುಕೀ ಹೊಸದಕ್ಕೆ ಕಾಣುವುದಿಲ್ಲ. ಮೊದಲು ಬಂದಾಗ ಹಳೆಯ ಉತ್ತರ ಓದಿ ಹೊಸ ರೂಪಕ್ಕೆ ಬರೆಯುವ ಸ್ಕ್ರಿಪ್ಟು ದೊಡ್ಡ ಕೆಲಸವೇನಲ್ಲ. ಹೊಸ ಉದ್ದೇಶ ಸೇರಿದ್ದರೆ ಅದೊಂದನ್ನೇ ಕೇಳಿ, ಹಿಂದೆ ಬೇಡ ಅಂದದ್ದನ್ನು ಮತ್ತೆ ಕೇಳಬೇಡಿ.