ಜಲವರ್ಣ ತರಗತಿಗೆ ಸೇರುವ ಮುನ್ನ: ನೀರಿನ ಹದದ ಬಗ್ಗೆ

ಜಲವರ್ಣದ ಕಾರ್ಯಾಗಾರಕ್ಕೆ ಹೆಸರು ಕೊಡುವ ಮೊದಲು ಒಂದು ವಿಷಯ ವಿಚಾರಿಸಿ: ಕಾಗದ ಒಣಗುವವರೆಗೆ ಕಾಯಲು ಅಲ್ಲಿ ಸಮಯ ಇಟ್ಟಿದ್ದಾರೆಯೇ? ಎರಡು ಗಂಟೆಯಲ್ಲಿ ಆಕಾಶ, ಬೆಟ್ಟ, ಕೆರೆ, ದೋಣಿ ಎಲ್ಲ ಮುಗಿಸಿ ಕಳಿಸುವ ವಾರಾಂತ್ಯದ ಕಾರ್ಯಾಗಾರಗಳು ಬೇಕಾದಷ್ಟಿವೆ. ಕೈಗೊಂದು ಚಿತ್ರ ಸಿಗುತ್ತದೆ, ಸಂತೋಷವೂ ಆಗುತ್ತದೆ. ಆದರೆ ಮನೆಗೆ ಬಂದು ಅದನ್ನೇ ಮತ್ತೆ ಬರೆಯಲು ಕೂತರೆ ಕೈ ನಿಂತುಬಿಡುತ್ತದೆ. ಅಲ್ಲಿ "ಈಗ ಬಣ್ಣ ಹಾಕಿ" ಎಂದು ಹೇಳಲು ಮೇಷ್ಟ್ರು ಇದ್ದರು. ಆ "ಈಗ" ಯಾವಾಗ ಬರುತ್ತದೆ ಎಂದು ಗುರುತಿಸುವುದನ್ನು ಯಾರೂ ಕಲಿಸಲಿಲ್ಲ. ಪಾಕದ ಎಳೆ ನೋಡಲು ಕಲಿಯದೆ ಮೈಸೂರು ಪಾಕಿಗೆ ಕೈ ಹಾಕಿದ ಹಾಗೆ ಇದು.

ಜಲವರ್ಣದಲ್ಲಿ ಪಾಕ ಎಂದರೆ ಒದ್ದೆ ಕಾಗದ. ಅದನ್ನು ಮೇಲಿನಿಂದ ನೋಡಿದರೆ ಹದ ತಿಳಿಯುವುದಿಲ್ಲ. ಕಿಟಕಿಯ ಬೆಳಕು ಎದುರಿಗಿರುವಂತೆ ಕೂತು, ತಲೆ ತಗ್ಗಿಸಿ, ಕಾಗದವನ್ನು ಓರೆಯಾಗಿ ನೋಡಬೇಕು. ಮೊದಲು ನೀರು ಕನ್ನಡಿಯ ಹಾಗೆ ಮಿನುಗುತ್ತಿರುತ್ತದೆ. ಆಗ ಹಾಕಿದ ಬಣ್ಣ ಎತ್ತ ಬೇಕೋ ಅತ್ತ ಓಡುತ್ತದೆ, ಆಕಾರ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಮಿನುಗು ಇಳಿದು ರೇಷ್ಮೆ ಬಟ್ಟೆಯಂಥ ತೆಳು ಹೊಳಪು ಉಳಿಯುತ್ತದೆ. ಮೋಡದ ಅಡಿಭಾಗ, ದೂರದ ಬೆಟ್ಟ, ಮಂಜಿನಲ್ಲಿ ಕರಗುವ ಮರ ಎಲ್ಲಕ್ಕೂ ಇದೇ ಹೊತ್ತು. ಆಮೇಲೆ ಹೊಳಪು ಪೂರ್ತಿ ಹೋಗುತ್ತದೆ. ಕಾಗದ ಒಣಗಿದ ಹಾಗೆ ಕಾಣುತ್ತದೆ, ಆದರೆ ಬೆರಳಿನ ಹಿಂಭಾಗ ತಾಗಿಸಿದರೆ ತಣ್ಣಗಿರುತ್ತದೆ. ಹೊಸಬರ ಚಿತ್ರಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಆ ತಣ್ಣನೆ ಹೋಗುವವರೆಗೆ ಬ್ರಷ್ ಕೆಳಗಿಟ್ಟು ಕೂರಬೇಕು. ತಣ್ಣಗಿದೆಯೇ ಎಂದು ನೋಡಲು ಅಂಗೈ ಬಳಸಬೇಡಿ. ಅಂಗೈಯ ಎಣ್ಣೆ ಅಂಟಿದ ಕಡೆ ಮುಂದಿನ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ತಣ್ಣಗಿರುವಾಗಲೇ ಒದ್ದೆ ಬ್ರಷ್ ತಾಗಿಸಿದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ಕಾರಣ ಸರಳ. ಕಾಗದ ಅರೆ ಒಣಗಿದೆ, ಬ್ರಷ್ಷಿನಲ್ಲಿ ಅದಕ್ಕಿಂತ ಹೆಚ್ಚು ನೀರಿದೆ. ಆ ನೀರು ಹರಡುತ್ತಾ ಇನ್ನೂ ಗಟ್ಟಿಯಾಗಿ ಕೂರದ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಒಂದು ಗೆರೆಯಲ್ಲಿ ಗುಡ್ಡೆ ಹಾಕುತ್ತದೆ. ಆದ್ದರಿಂದ ಕಾಗದ ಒದ್ದೆ ಇರುವಾಗ ಎರಡನೇ ಬಣ್ಣ ಹಾಕುವುದಿದ್ದರೆ ಬ್ರಷ್ ಯಾವತ್ತೂ ಕಾಗದಕ್ಕಿಂತ ಒಣಗಿರಬೇಕು, ಬಣ್ಣ ಮೊದಲಿನದಕ್ಕಿಂತ ಮಂದವಾಗಿ, ಅಂದರೆ ನೀರು ಕಡಿಮೆಯಾಗಿ ಗಟ್ಟಿಯಾಗಿರಬೇಕು. ಬ್ರಷ್ಷಿನ ಕೂದಲು ಹಿಡಿಗೆ ಸೇರುವ ಕಡೆ ಬಟ್ಟೆಗೆ ಒಮ್ಮೆ ಒತ್ತಿದರೆ ಹೆಚ್ಚಿನ ನೀರು ಇಳಿಯುತ್ತದೆ. ಇದಕ್ಕೆ ಟಿಶ್ಯೂಗಿಂತ ಹತ್ತಾರು ಸಲ ಒಗೆದ ಹಳೆ ಪಂಚೆಯ ತುಂಡು ಎಷ್ಟೋ ಮೇಲು. ಕಲೆ ಆಗಿಯೇ ಹೋಯಿತೆಂದರೆ ಆಗಲೇ ಉಜ್ಜಬೇಡಿ. ಪೂರ್ತಿ ಒಣಗಲಿ, ಆಮೇಲೆ ಒದ್ದೆ ಬ್ರಷ್ಷಿನಿಂದ ಅಂಚನ್ನು ಮೆಲ್ಲಗೆ ನೆನೆಸಿ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಒಳ್ಳೆಯ ತರಗತಿಯ ಮೊದಲ ದಿನ ಚಿತ್ರವೇ ಇರುವುದಿಲ್ಲ, ಬರೀ ವಾಶ್ ಇರುತ್ತದೆ, ಅಂದರೆ ನೀರಾಗಿ ಕಲಸಿದ ಬಣ್ಣವನ್ನು ಕಾಗದದ ಮೇಲೆ ತೆಳು ಪದರವಾಗಿ ಹರಡುವುದು. ಸಮನಾದ ಒಂದು ವಾಶ್ ಎಳೆಯುವುದು ಹೀಗೆ. 22×30 ಇಂಚಿನ ಪೂರ್ತಿ ಹಾಳೆಯ ಕಾಲು ಭಾಗ, ಅಂದರೆ 11×15 ಇಂಚು ತೆಗೆದುಕೊಳ್ಳಿ. ನಾಲ್ಕೂ ಕಡೆ ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ. ಹಲಗೆಯ ಮೇಲ್ತುದಿಯ ಕೆಳಗೆ ಮೂರ್ನಾಲ್ಕು ಇಂಚು ಎತ್ತರ ಕೊಡಿ. ಬೇಕು ಅನ್ನಿಸಿದ್ದಕ್ಕಿಂತ ಎರಡು ಪಟ್ಟು ಬಣ್ಣ ಕಲಸಿ. ಅರ್ಧಕ್ಕೆ ಬಣ್ಣ ಮುಗಿದು ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಗೆರೆ ಬೀಳುತ್ತದೆ, ಅದೇ ಛಾಯೆ ಎರಡನೇ ಸಲ ಬರುವುದೂ ಇಲ್ಲ. 12ನೇ ನಂಬರಿನ ರೌಂಡ್ ಬ್ರಷ್ಷನ್ನು ಬಣ್ಣದಲ್ಲಿ ತುಂಬ ಅದ್ದಿ, ಮೇಲಿನ ಅಂಚಿನಲ್ಲಿ ಎಡದಿಂದ ಬಲಕ್ಕೆ ಒಂದೇ ಸಲ ಎಳೆಯಿರಿ. ಎಳೆದ ಪಟ್ಟಿಯ ಕೆಳಗಡೆ ಬಣ್ಣದ ನೀರು ಮಣಿಸರದ ಹಾಗೆ ಉಬ್ಬಿ ನಿಲ್ಲಬೇಕು. ಮುಂದಿನ ಪಟ್ಟಿಯನ್ನು ಆ ಉಬ್ಬಿಗೆ ತಾಗಿಸಿ ಎಳೆದರೆ ಉಬ್ಬು ತಾನಾಗಿ ಕೆಳಗೆ ಇಳಿಯುತ್ತದೆ. ಹೀಗೆ ತಳದವರೆಗೆ. ಕೊನೆಗೆ ಉಳಿದ ನೀರನ್ನು ಹಿಂಡಿದ ಬ್ರಷ್ಷಿನ ತುದಿಯಿಂದ ಹೀರಿಸಿ. ಉಬ್ಬೇ ಬರಲಿಲ್ಲವೆಂದರೆ ಬ್ರಷ್ಷಿನಲ್ಲಿ ಬಣ್ಣ ಕಡಿಮೆ. ಉಬ್ಬು ಒಡೆದು ಸುರಿದರೆ ಹಲಗೆಯ ಇಳಿಜಾರು ಜಾಸ್ತಿ. ನಡುವೆ ಒಂದು ಬಿಳಿ ಚುಕ್ಕೆ ಉಳಿದಿದ್ದರೂ ಹಿಂದಕ್ಕೆ ಹೋಗಿ ತಿದ್ದಬೇಡಿ. ಹತ್ತು ಹಾಳೆ ಹೀಗೆ ಹೋದರೆ ನಷ್ಟವಲ್ಲ.

ಕಾಗದದಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಬಣ್ಣ ಸಾಧಾರಣದ್ದಾದರೂ ನಡೆಯುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), ನೂರಕ್ಕೆ ನೂರು ಹತ್ತಿಯ ಕೋಲ್ಡ್ ಪ್ರೆಸ್ಡ್, ಅಂದರೆ ಮೈ ತುಸು ತರಿತರಿಯಾಗಿರುವ ಕಾಗದ ನೀರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಯೋಚಿಸಲು ಸಮಯ ಕೊಡುತ್ತದೆ. ಮರದ ತಿರುಳಿನ ತೆಳು ಡ್ರಾಯಿಂಗ್ ಹಾಳೆ ನೀರು ಬಿದ್ದ ಕೂಡಲೇ ಉಬ್ಬುತಗ್ಗಾಗಿ, ತಗ್ಗಿನಲ್ಲಿ ಬಣ್ಣ ಕೆರೆ ಕಟ್ಟುತ್ತದೆ. ಕಲಿಯುವವರು ತಮ್ಮ ಕೈ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ; ಇದನ್ನು ನೋಡುವಾಗ ನಿಜಕ್ಕೂ ಬೇಸರವಾಗುತ್ತದೆ, ತಪ್ಪು ಕೈಯದ್ದಲ್ಲ. ಕಾರ್ಯಾಗಾರದ ಶುಲ್ಕದಲ್ಲೇ ಸಾಮಗ್ರಿ ಸೇರಿದ್ದರೆ ಯಾವ ಕಾಗದ ಕೊಡುತ್ತೀರಿ ಎಂದು ಮೊದಲೇ ಕೇಳಿ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು. ನೀರು ತಕ್ಷಣ ಒಳಗಿಳಿಯದಂತೆ ತಡೆಯಲು ಈ ಕಾಗದಕ್ಕೆ ಜೆಲಾಟಿನ್‌ನಂಥ ಅಂಟಿನ ಲೇಪ ಕೊಟ್ಟಿರುತ್ತಾರೆ. ಮಳೆಗಾಲದ ತೇವಕ್ಕೆ ಆ ಲೇಪ ಕೆಡುತ್ತದೆ. ಕೆಟ್ಟ ಕಾಗದದ ಮೇಲೆ ವಾಶ್ ಎಳೆದರೆ ಅಲ್ಲಲ್ಲಿ ಎಣ್ಣೆ ಬಿದ್ದ ಹಾಗೆ ಗಾಢ ಮಚ್ಚೆಗಳು ಮೂಡುತ್ತವೆ, ಅದನ್ನು ಸರಿಪಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿಯಾಗಿ ಮುಚ್ಚಿಡಿ. ಒಣಗುವ ಹೊತ್ತೂ ಊರಿಂದೂರಿಗೆ ಬೇರೆ. ಮಾರ್ಚ್ ಮಧ್ಯಾಹ್ನ ಬಳ್ಳಾರಿಯಲ್ಲಿ ಫ್ಯಾನಿನ ಕೆಳಗೆ ಕೆಲವೇ ನಿಮಿಷಕ್ಕೆ ಒಣಗುವ ವಾಶ್, ಜುಲೈಯ ಮಂಗಳೂರಿನಲ್ಲಿ ಅರ್ಧ ಗಂಟೆಯಾದರೂ ತಣ್ಣಗೇ ಇರುತ್ತದೆ. ಹಾಗಾಗಿ "ಐದು ನಿಮಿಷ ಬಿಡಿ" ಎನ್ನುವ ಸೂಚನೆಗೆ ಅರ್ಥವಿಲ್ಲ. ಹೇರ್ ಡ್ರೈಯರ್ ಬಳಸುವುದಾದರೆ ಹೊಳಪು ಹೋದ ಮೇಲೆ, ಒಂದು ಅಡಿ ದೂರದಿಂದ. ಮಿನುಗುವ ನೀರಿನ ಮೇಲೆ ಗಾಳಿ ಬಿಟ್ಟರೆ ಬಣ್ಣವೆಲ್ಲ ಒಂದು ಮೂಲೆ ಸೇರುತ್ತದೆ.

ಆನ್‌ಲೈನ್ ಪಾಠಗಳ ದೊಡ್ಡ ಕೊರತೆಯೂ ಇದೇ. ವಿಡಿಯೊದಲ್ಲಿ ಒಣಗುವ ಹೊತ್ತನ್ನು ಕತ್ತರಿಸಿ ತೆಗೆದಿರುತ್ತಾರೆ. ಎಲ್ಲಿ ಕತ್ತರಿಸಿದ್ದಾರೆ ಎಂದು ಗಮನಿಸಿ ಬರೆದುಕೊಂಡರೆ ಅದೇ ನಿಜವಾದ ಪಾಠ.

ಬಣ್ಣಕ್ಕೆ ನಾಲ್ಕು ಟ್ಯೂಬ್ ಸಾಕು: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು, ಒಂದು ತಿಳಿ ಹಳದಿ, ಕ್ವಿನಾಕ್ರಿಡೋನ್ ರೋಸ್ ಎಂಬ ಗುಲಾಬಿ. ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತ ಓದುವ ಅಭ್ಯಾಸ ಮಾಡಿಕೊಳ್ಳಿ. ಅಲ್ಟ್ರಾಮರೀನ್ ಪಿಬಿ 29, ರೋಸ್ ಪಿವಿ 19. ಕೆಂಪಿಗೆ ಪಿಆರ್ 83 ಎಂದಿದ್ದರೆ ಅದು ಅಲಿಜರಿನ್, ಬೆಳಕಿಗೆ ಮಾಸುತ್ತದೆ, ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬೇಡ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಬೆರೆಸಿದರೆ ಮಳೆಮೋಡದ ಬೂದಿಯಿಂದ ಹಿಡಿದು ಹಂಚಿನ ಮಾಡಿನ ಕೆಳಗಿನ ಕಪ್ಪುವರೆಗೆ ಎಲ್ಲವೂ ಬರುತ್ತದೆ. ಕಪ್ಪು ಟ್ಯೂಬ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಒದ್ದೆಯಿರುವಾಗ ಬೇಕಾದದ್ದಕ್ಕಿಂತ ತುಸು ಗಾಢವಾಗಿಯೇ ಕಾಣಬೇಕು.

ಹೊರಾಂಗಣ ತರಗತಿಗೆ ಹೋಗುವಷ್ಟು ಕೈ ಪಳಗಿದ ಮೇಲೆ ಬೆಂಗಳೂರಿನಲ್ಲಿ ಫೆಬ್ರವರಿಯಲ್ಲಿ ಗುಲಾಬಿ ಹೂ ಬಿಡುವ ತಬೂಬಿಯಾ ಮರಕ್ಕಿಂತ ಒಳ್ಳೆಯ ವಸ್ತು ಬೇರೆ ಬೇಡ. ರುಮಾಲೆ ಚನ್ನಬಸವಯ್ಯನವರು (1910–1988) ಈ ಊರಿನ ಹೂಮರಗಳನ್ನು ಮರದ ಎದುರೇ ಕೂತು ಜಲವರ್ಣ, ತೈಲವರ್ಣ ಎರಡರಲ್ಲೂ ಬರೆದವರು. ಅವರ ಮೂಲಚಿತ್ರ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲೂ ಜಲವರ್ಣಗಳನ್ನು ಒಂದು ಅಡಿ ಹತ್ತಿರದಿಂದ ನೋಡಬಹುದು. ಯಾವ ಅಂಚು ಗಡುಸು, ಯಾವುದು ಕರಗಿದೆ ಎಂದು ನೋಡುತ್ತಾ ಹೋದರೆ ಕಲಾವಿದರು ಎಲ್ಲೆಲ್ಲಿ ಕಾದರು, ಎಲ್ಲೆಲ್ಲಿ ಕಾಯಲಿಲ್ಲ ಎಂಬುದು ಕಾಣುತ್ತದೆ.

ತಬೂಬಿಯಾ ಬರೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ಮೊದಲು ಕೊಂಬೆ ಬರೆದು, ಅದರ ಮೇಲೆ ಗುಲಾಬಿ ಚುಕ್ಕೆ ಇಡುವುದು. ಜಲವರ್ಣ ಪಾರದರ್ಶಕ. ಕೊಂಬೆಯ ಕಂದು ಹೂವಿನ ಮೂಲಕ ಕಾಣಿಸಿ ಎಲ್ಲವೂ ಕೊಳೆಯಾಗುತ್ತದೆ. ನೆರಳಿನಲ್ಲಿ ಕೂತುಕೊಳ್ಳಿ, ಬಿಸಿಲಿನಲ್ಲಿ ಬಿಳಿ ಹಾಳೆ ಕಣ್ಣು ಕೋರೈಸಿ ಬಣ್ಣದ ಗಾಢತೆ ತಿಳಿಯುವುದಿಲ್ಲ. ನೀರು ಹೆಚ್ಚಿಸಿದ ರೋಸ್‌ನಲ್ಲಿ ಹೂರಾಶಿಯನ್ನು ಗೊಂಚಲು ಗೊಂಚಲಾಗಿ ಹಾಕಿ, ನಡುವೆ ಆಕಾಶಕ್ಕೆ ಕಿಂಡಿ ಬಿಡಿ. ರೇಷ್ಮೆ ಹೊಳಪು ಬಂದಾಗ ನೆರಳಿನ ಕಡೆಗೆ ರೋಸ್‌ಗೆ ತುಸು ಅಲ್ಟ್ರಾಮರೀನ್ ಸೇರಿಸಿ ಮಂದವಾಗಿ ತಾಗಿಸಿ. ಬೆರಳಿಗೆ ತಣ್ಣಗೆ ಅನ್ನಿಸದಷ್ಟು ಒಣಗಿದ ಮೇಲೆಯೇ ಕೊಂಬೆ, ಅದೂ ಕಿಂಡಿಗಳಲ್ಲಿ ಮಾತ್ರ, ತುಂಡು ತುಂಡಾಗಿ.