ಕನ್ವರ್ಟ್ ಆದದ್ದು ಯಾವಾಗ ಅಂತ ಕೇಳುವವರಿಗೆ

ಬ್ಲೌಸಿನ ಅಳತೆ ಕೊಡೋಕೆ ಕೈ ಎತ್ತಿ ನಿಂತವರು ನನ್ನ ಕತ್ತಿನ ಶಿಲುಬೆ ನೋಡ್ತಾರೆ. ಟೇಪು ಸುತ್ತುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತೆ. "ಯಾವಾಗಕ್ಕಾ ನೀವು ಕನ್ವರ್ಟ್ ಆಗಿದ್ದು?" ಮಂಡ್ಯದಲ್ಲಿ 19 ವರ್ಷದಿಂದ ಹೊಲಿಗೆ ಅಂಗಡಿ ಇಟ್ಟಿದ್ದೀನಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರ ಫೋನಿಗೆ ಇದನ್ನೇ ಕಳಿಸ್ತೀನಿ.

ತಾರೀಖಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಮೈಸೂರಿನ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರಲ್ಲಿ. ನಮ್ಮ ಮುತ್ತಾತನಿಗೆ ಅದಕ್ಕೂ ಮೊದಲೇ ದೀಕ್ಷಾಸ್ನಾನ ಆಗಿತ್ತು. ನನಗೆ ಯಾರೂ ದುಡ್ಡು ಕೊಟ್ಟಿಲ್ಲ, ಅಕ್ಕಿ ಮೂಟೆ ಕೊಟ್ಟಿಲ್ಲ. ಹೀಗಂದರೆ "ಅಯ್ಯೋ, ಸುಮ್ನೆ ಕೇಳಿದೆ ಕಣಕ್ಕ" ಅಂತಾರೆ. ಸುಮ್ಮನೆ ಕೇಳೋ ಪ್ರಶ್ನೆಯಾಗಿದ್ದರೆ ಪಕ್ಕದ ಅಂಗಡಿಯವರನ್ನೂ ಕೇಳಬೇಕಿತ್ತು, ನಿಮ್ಮ ದೇವರಿಗೆ ಯಾವ ಇಸವಿಯಿಂದ ಕೈ ಮುಗೀತಿದ್ದೀರಿ ಅಂತ. ಅವರನ್ನು ಯಾರೂ ಕೇಳಲ್ಲ.

ಆ ಪ್ರಶ್ನೆಯೊಳಗೆ ಇನ್ನೊಂದು ತಪ್ಪೂ ಇದೆ. ಬದಲಾಗೋದು ಅಂದರೆ ಒಂದು ದಿನ ಆಗಿ ಮುಗಿದುಹೋಗೋ ಕೆಲಸ ಅಂತ ಅಂದುಕೊಂಡಿರೋದು. ನಮ್ಮವರಲ್ಲೂ ಹಾಗೆ ತಿಳಿದವರಿದ್ದಾರೆ. ಚರ್ಚಿನಲ್ಲಿ ಎದ್ದು ನಿಂತು ತಮ್ಮ ನಂಬಿಕೆಯ ಸಾಕ್ಷಿ ಹೇಳುವಾಗ, ಇಂಥ ದಿನ ರಕ್ಷಣೆ ಆಯ್ತು ಅಂತ ಹೇಳಿ ಕೂತುಬಿಡ್ತಾರೆ. ಬೈಬಲ್‌ನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ, 2ನೇ ವಚನ ತೆಗೆದು ನೋಡಿ. ಈ ಲೋಕದ ಅಚ್ಚಿಗೆ ಬೀಳಬೇಡಿ, ಮನಸ್ಸು ಹೊಸದಾಗಿ ಬೇರೆಯೇ ರೂಪಕ್ಕೆ ಬನ್ನಿ ಅನ್ನೋದು ಅದರ ತಾತ್ಪರ್ಯ. ಪತ್ರದ ಮೂಲ ಗ್ರೀಕಿನಲ್ಲಿ ಆ "ರೂಪಕ್ಕೆ ಬನ್ನಿ" ಅನ್ನೋ ಕ್ರಿಯಾಪದ ಮುಗಿದ ಕೆಲಸವನ್ನು ಹೇಳಲ್ಲ, ನಡೀತಾ ಇರೋದನ್ನು ಹೇಳುತ್ತೆ ಅಂತ ನಮ್ಮ ಚರ್ಚಿನ ಸಭಾಪಾಲಕರು ಬಿಡಿಸಿ ಹೇಳಿದ್ದರು. ಅದೂ ಕರ್ಮಣಿಯಲ್ಲಿದೆಯಂತೆ, ಅಂದರೆ ಬದಲಾಯಿಸೋನು ದೇವರು, ನಾವು ಒಪ್ಪಿಸಿಕೊಡಬೇಕು. ಬೆಟ್ಟದ ಮೇಲೆ ಯೇಸುವಿನ ಮುಖ ಸೂರ್ಯನ ಹಾಗೆ ಹೊಳೆಯಿತು ಅಂತ ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೀತಾನಲ್ಲ, ರೂಪಾಂತರಕ್ಕೆ ಅಲ್ಲಿರೋದೂ ಇದೇ ಪದ.

ಆ ಪತ್ರವನ್ನು ಪೌಲ ಕ್ರಿ.ಶ. 57ರ ಸುಮಾರಿಗೆ ಕೊರಿಂಥದಿಂದ ಬರೆಸಿದ. ಅದಕ್ಕೆ ಕೆಲವು ವರ್ಷ ಮುಂಚೆ ಅದೇ ಊರಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗಂಡ ಹೆಂಡತಿಯ ಮನೇಲಿದ್ದುಕೊಂಡು ಅವರ ಜೊತೆ ಗುಡಾರ ಮಾಡೋ ಕಸುಬು ಮಾಡಿದ್ದ. ಪತ್ರದ ಕೊನೇ ಅಧ್ಯಾಯದಲ್ಲಿ ಅವರಿಬ್ಬರಿಗೂ ವಂದನೆ ಹೇಳ್ತಾನೆ. ಆ ಸಾಲು ಓದಿದಾಗೆಲ್ಲ ನನಗೆ ನಮ್ಮ ಅಂಗಡಿಯೇ ಕಾಣುತ್ತೆ. ದಿನವಿಡೀ ಹೊಲಿಗೆಗೆ ಬಗ್ಗಿ ಕೂತವನಿಗೆ ಮನಸ್ಸು ಎಲ್ಲೆಲ್ಲಿ ಅಲೆಯುತ್ತೆ ಅಂತ ಗೊತ್ತಿಲ್ಲದೆ ಇರುತ್ತಾ? ಕೈ ಹೊಲೀತಿರುತ್ತೆ, ಮನಸ್ಸು ಜಗಳ ಆಡ್ತಿರುತ್ತೆ.

ನನ್ನ ಜಗಳ ಓರಗಿತ್ತಿ ಜೊತೆ. ಅತ್ತೆ ತೀರಿಕೊಂಡಾಗ ಅವರ ಎರಡೆಳೆ ಸರದ ವಿಷಯಕ್ಕೆ ಮಾತು ಬಿಟ್ಟೆವು. 4 ವರ್ಷ. ಆ 4 ವರ್ಷವೂ ಬೆಳಿಗ್ಗೆ ಐದೂವರೆಗೆ ಎದ್ದು ಬೈಬಲ್ ಓದ್ತಿದ್ದೆ. ಆಮೇಲೆ ಮೆಷಿನ್ ಮುಂದೆ ಕೂತರೆ ಜಗಳ ಮತ್ತೆ ಮೊದಲಿಂದ. ಅವಳು ಹಾಗಂದಾಗ ನಾನು ಹೀಗನ್ನಬೇಕಿತ್ತು. ತುಳಿತ ಜೋರಾಗ್ತಿತ್ತು. ಒಂದು ದಿನ ಬಾಬಿನ್ನಿನಲ್ಲಿ ದಾರ ಮುಗಿದಿದ್ದೂ ಗೊತ್ತಾಗದೆ ಒಂದು ರೇಷ್ಮೆ ಸೀರೆಗೆ ಫಾಲ್ ಹೊಲೀತಾ ಹೋಗಿದ್ದೀನಿ. ಎತ್ತಿ ಕೊಡವಿದರೆ ಫಾಲ್ ಕಳಚಿ ನೆಲಕ್ಕೆ ಬಿತ್ತು. ಸೀರೆ ತುಂಬ ಬರೀ ಸೂಜಿ ತೂತು.

ನನಗೆ ಹೆದರಿಕೆಯಾಯಿತು. ಮಾರನೇ ದಿನದಿಂದ ಓದಿದ ಮೇಲೆ ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಬರೆದು, ಈ ಜಗಳ ತಗೋ ಕರ್ತನೇ ಅಂತ ಪ್ರಾರ್ಥನೆ ಮಾಡೋಕೆ ಶುರು ಮಾಡಿದೆ. ತಿಂಗಳಾದರೂ ಏನೂ ಆಗಲಿಲ್ಲ. ಬೆಳಿಗ್ಗೆ ಕೊಟ್ಟಿದ್ದನ್ನು ಹತ್ತು ಗಂಟೆಗೆಲ್ಲ ವಾಪಸ್ ಇಸ್ಕೊಂಡಿರ್ತಿದ್ದೆ. ಆದರೆ ಇಸ್ಕೊಂಡಿದ್ದೀನಿ ಅಂತ ಗೊತ್ತಾಗ್ತಾ ಬಂತು. ಮೊದಲು ಅದೂ ಗೊತ್ತಾಗ್ತಿರಲಿಲ್ಲ. ಒಳಗಿನ ಮನುಷ್ಯ ದಿನೇ ದಿನೇ ಹೊಸಬನಾಗ್ತಾ ಬರ್ತಾನೆ ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿದೆ. ಆ "ದಿನೇ ದಿನೇ" ನನಗೆ ಅರ್ಥವಾದದ್ದು ಆಗ.

ಮುಂದೊಂದು ದಿನ ಅವಳ ಮಗಳು ಲಂಗ ರವಿಕೆ ಬಟ್ಟೆ ಹಿಡಿದು ಬಂದಳು. "ದೊಡ್ಡಮ್ಮಾ, ಕ್ರಿಸ್‌ಮಸ್‌ಗೆ ಬೇಕು." ಅಳತೆ ತಗೊಂಡೆ, ಕತ್ತರಿಸಿದೆ, ಹೊಲಿದೆ. ಸಂಜೆ ಹುಕ್ಕು ಹಾಕ್ತಾ ಕೂತಾಗ ಹೊಳೆಯಿತು, ಮಧ್ಯಾಹ್ನದಿಂದ ಸರದ ನೆನಪೇ ಬಂದಿಲ್ಲ. ಅಂಗಡಿ ಬಾಗಿಲು ಅರ್ಧ ಎಳೆದು ಅತ್ತುಬಿಟ್ಟೆ. ಸರ ಈಗಲೂ ಓರಗಿತ್ತಿ ಹತ್ತಿರವೇ ಇದೆ.

ನಿಮ್ಮಲ್ಲಿ ಇನ್ನೂ ಏನು ಬದಲಾಗಬೇಕಿದೆ ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ಕೈಲಿರೋ ಕೆಲಸ ಬಿಟ್ಟು, ಸ್ಟೂಲ್ ಹಾಕಿ ಕೂರಿಸಿ ಹೇಳ್ತೀನಿ. ಮನೆ ಮದುವೆಗೆ 11 ಬ್ಲೌಸ್ ಹೊಲಿಸಿಕೊಂಡು, ದುಡ್ಡು ಕೊಡದೆ, ಪೇಟೆಬೀದೀಲಿ ಕಂಡರೆ ಮುಖ ತಿರುಗಿಸೋ ಒಬ್ಬರಿದ್ದಾರೆ. ದುಡ್ಡು ಕೇಳೇ ಕೇಳ್ತೀನಿ, ಅದು ನನ್ನ ದುಡಿಮೆ. ಆದರೆ ಅವರಿಗೆ ಕೆಟ್ಟದಾಗಲಿ ಅನ್ನೋದೊಂದು ನನ್ನೊಳಗೆ ಮೂಲೆ ಹಿಡಿದು ಕೂತಿದೆ. ಇವತ್ತು ಬೆಳಿಗ್ಗೆಯೂ ಅವರ ಹೆಸರು ಬರೆದೆ. 23ನೇ ದಿನ.