ಹತ್ತು ರಾತ್ರಿ, ನಾಲ್ಕು ದೇಶ, ಒಂದು ಕಾರು: ಆಲ್ಪ್ಸ್ ಕಡೆ ಹೊರಟವರಿಗೆ

ಜರ್ಮನಿಯ ಮ್ಯೂನಿಕ್‌ನಿಂದ ಹೊರಟು ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ ಸುತ್ತಿ ಮತ್ತೆ ಮ್ಯೂನಿಕ್. ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಿಂದ ಹೊರಟ ನಾವು ಐದು ಜನ: ಅಪ್ಪ, ಅಮ್ಮ, ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ನಾನು. ಇಂಥದ್ದೇ ಪ್ರವಾಸ ಯೋಚಿಸುತ್ತಿರುವವರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಅಲ್ಲಿ ಬಹುತೇಕ ಕಡೆ ಗಡಿ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ನೀಲಿ ಬೋರ್ಡ್ ದಾಟಿದರೆ ಬೇರೆ ದೇಶ. ಆದರೆ ಟೋಲ್, ವೇಗದ ಮಿತಿ, ದಂಡ ಎಲ್ಲವೂ ಆ ಬೋರ್ಡ್‌ನಿಂದಲೇ ಬದಲಾಗುತ್ತವೆ. ತಯಾರಿ ಬೇಕಿರುವುದು ಅದಕ್ಕೆ.

ನಮ್ಮ ಲೆಕ್ಕ ಹೀಗಿತ್ತು. ಮ್ಯೂನಿಕ್ ಒಂದು ರಾತ್ರಿ, ಸಾಲ್ಜ್‌ಬರ್ಗ್ ಎರಡು, ಸ್ಲೊವೇನಿಯಾದ ಬ್ಲೆಡ್ ಮೂರು, ಇಟಲಿಯ ಡೊಲೊಮೈಟ್ಸ್ ಬೆಟ್ಟಗಳ ಪಕ್ಕದ ದೊಬ್ಬಿಯಾಕೊ ಎರಡು, ಆಸ್ಟ್ರಿಯಾದ ಝೆಲ್ ಆಮ್ ಸೀ ಎರಡು. ಮೊದಲು ಹಾಕಿದ್ದ ಪಟ್ಟಿಯಲ್ಲಿ ವೆನಿಸ್, ವಿಯೆನ್ನಾ ಕೂಡ ಇದ್ದವು. "ದಿನಾ ಪೆಟ್ಟಿಗೆ ಕಟ್ಟೋಕೆ ನನ್ನಿಂದ ಆಗಲ್ಲಪ್ಪ" ಎಂದರು ಅಮ್ಮ. ಎರಡನ್ನೂ ಕೈಬಿಟ್ಟೆವು. ಪ್ರವಾಸ ಚೆನ್ನಾಗಿ ಆಗಿದ್ದಕ್ಕೆ ಆ ಮಾತೇ ಕಾರಣ ಅಂತ ನನಗೆ ಈಗಲೂ ಅನಿಸುತ್ತದೆ.

ಈ ರಾತ್ರಿಗಳ ಲೆಕ್ಕ ವೀಸಾಕ್ಕೂ ಬೇಕು. ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾ ಒಂದೇ ಸಾಕು. ಆದರೆ ಜಾಸ್ತಿ ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ವಿಮಾನ ಇಳಿಯುವುದು ಜರ್ಮನಿಯಲ್ಲಾದರೂ ನಮ್ಮ ನಾಲ್ಕು ರಾತ್ರಿ ಆಸ್ಟ್ರಿಯಾದಲ್ಲಿ, ಹಾಗಾಗಿ ಆಸ್ಟ್ರಿಯಾ ವೀಸಾ. ದಿನಗಳು ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಡ್ರೈವಿಂಗ್‌ಗೆ ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಆರ್‌ಟಿಒ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಎರಡನ್ನೂ ಕೈಯಲ್ಲಿ ಇಟ್ಟುಕೊಂಡೇ ಓಡಿಸಿ.

ಕಾರನ್ನು ವಿಮಾನ ಇಳಿದ ದಿನವೇ ತೆಗೆದುಕೊಳ್ಳಬೇಡಿ. ನಿದ್ದೆಗಣ್ಣಲ್ಲಿ, ಎಡಗಡೆ ಸ್ಟೇರಿಂಗ್ ಹಿಡಿದು, ಬಲಗಡೆ ರಸ್ತೆಯಲ್ಲಿ ಹೋಗುವುದು ಸುಮ್ನೆ ಅಪಾಯ. ನಾವು ಒಂದು ರಾತ್ರಿ ಮಲಗಿ, ಮರುದಿನ ತೆಗೆದುಕೊಂಡೆವು. ಬುಕ್ ಮಾಡುವಾಗಲೇ ಆಟೊಮ್ಯಾಟಿಕ್ ಗೇರ್ ಕೇಳಿ. ಬಾಡಿಗೆ ಸ್ವಲ್ಪ ಜಾಸ್ತಿ, ಆದರೆ ಬಲಗೈಯಲ್ಲಿ ಗೇರ್ ಹಾಕುವ ತಲೆನೋವು ಇರುವುದಿಲ್ಲ. ಯಾವ ಯಾವ ದೇಶಕ್ಕೆ ಒಯ್ಯುತ್ತೀರಿ ಎಂದು ಮೊದಲೇ ತಿಳಿಸಿ, ಒಪ್ಪಂದದಲ್ಲಿ ಬರೆಸಿಕೊಳ್ಳಿ. ಡೆಪಾಸಿಟ್‌ಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ. ನಾನು ಹೆಂಡತಿಯ ಕಾರ್ಡ್ ಕೊಟ್ಟೆ, ಕೌಂಟರ್‌ನಲ್ಲಿ ಒಪ್ಪಲಿಲ್ಲ. ನನ್ನ ಕಾರ್ಡ್‌ನ ಮಿತಿ ಹೆಚ್ಚಿಸಲು ಬ್ಯಾಂಕಿಗೆ ಫೋನ್ ಮಾಡುವುದರಲ್ಲಿ ಒಂದೂವರೆ ಗಂಟೆ ಹೋಯಿತು. ಮಗುವಿದ್ದರೆ ಸೀಟ್ ಕೇಳಿ. ಜರ್ಮನಿಯಲ್ಲಿ 12 ವರ್ಷ ತುಂಬುವವರೆಗೆ, ಅಥವಾ 150 ಸೆಂಟಿಮೀಟರ್ ಎತ್ತರ ಆಗುವವರೆಗೆ ಅದು ಕಡ್ಡಾಯ.

ಈಗ ಟೋಲ್. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಜರ್ಮನಿಯ ಆಟೊಬಾನ್‌ನಲ್ಲಿ, ಅಂದರೆ ಹೆದ್ದಾರಿಯಲ್ಲಿ, ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾ, ಸ್ಲೊವೇನಿಯಾದ ಹೆದ್ದಾರಿಗಳಿಗೆ ವಿನ್ಯೆಟ್ ಬೇಕು, ಅಂದರೆ ಇಷ್ಟು ದಿನಕ್ಕೆ ಎಂದು ಮುಂಗಡ ಕಟ್ಟುವ ರಸ್ತೆ ಶುಲ್ಕ. ಅದು ಫಾಸ್ಟ್‌ಟ್ಯಾಗ್ ತರಹ ಅಲ್ಲ. ಎಷ್ಟು ದೂರ ಓಡಿಸಿದರೂ ಅಷ್ಟೇ ಹಣ, ಐದೇ ನಿಮಿಷ ಓಡಿಸಿದರೂ ಅಷ್ಟೇ. ಆಸ್ಟ್ರಿಯಾದ್ದು 10 ದಿನದ್ದು, ಸ್ಲೊವೇನಿಯಾದ್ದು 7 ದಿನದ್ದು ತೆಗೆದುಕೊಂಡೆವು. ಡಿಜಿಟಲ್ ವಿನ್ಯೆಟ್ ಕಾರಿನ ನಂಬರ್‌ಗೆ ಅಂಟಿಕೊಂಡಿರುತ್ತದೆ. ಬಾಡಿಗೆ ಕಾರಿನ ನಂಬರ್ ಕೈಗೆ ಬರುವವರೆಗೆ ಗೊತ್ತಾಗುವುದಿಲ್ಲ, ಅಲ್ವಾ? ಹಾಗಾಗಿ ಊರಲ್ಲೇ ಕೊಳ್ಳಲು ಹೋಗಬೇಡಿ. ಕೀ ಕೈಗೆ ಬಂದ ಮೇಲೆ ನಂಬರ್ ಪ್ಲೇಟ್ ಫೋಟೊ ತೆಗೆದು, ಗಡಿಗೆ ಮುಂಚೆ ನಿಧಾನವಾಗಿ ನಿಂತು ಕೊಳ್ಳಿ. ನಾನು ಅವಸರದಲ್ಲಿ 'ಓ' ಅಕ್ಷರದ ಜಾಗದಲ್ಲಿ ಸೊನ್ನೆ ಒತ್ತಿದ್ದೆ. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದ ಅಪ್ಪ ನೋಡಿ ಹೇಳಿದರು. ಹಾಗೇ ಬಿಟ್ಟಿದ್ದರೆ ಹಣ ಕಟ್ಟಿಯೂ ವಿನ್ಯೆಟ್ ಇಲ್ಲದ ಕಾರು ನಮ್ಮದಾಗುತ್ತಿತ್ತು. ಪ್ಲೇಟ್ ಯಾವ ದೇಶದ್ದು ಎನ್ನುವುದನ್ನೂ ಸರಿಯಾಗಿ ಆರಿಸಿ.

ವಿನ್ಯೆಟ್ ಇದ್ದರೂ ಕೆಲವು ಕಡೆ ಬೇರೆ ಹಣ ಕಟ್ಟಬೇಕು. ಸಾಲ್ಜ್‌ಬರ್ಗ್‌ನಿಂದ ಬ್ಲೆಡ್‌ಗೆ ಹೋಗುವಾಗ ಟೌಎರ್ನ್ ಹೆದ್ದಾರಿಯ ಸುರಂಗಗಳಿಗೆ ಒಂದು ಟೋಲ್, ಗಡಿಯ ಕೆಳಗೆ ಸುಮಾರು 8 ಕಿಲೋಮೀಟರ್ ಉದ್ದದ ಕಾರವಾಂಕೆನ್ ಸುರಂಗಕ್ಕೆ ಇನ್ನೊಂದು. ಇಟಲಿಯ ಹೆಚ್ಚಿನ ಹೆದ್ದಾರಿಗಳಲ್ಲಿ ಒಳಗೆ ಹೋಗುವಾಗ ಚೀಟಿ, ಹೊರಬರುವಾಗ ಹಣ. ಅಲ್ಲಿನ ಹಳೇ ಪೇಟೆಗಳಲ್ಲಿ 'ಝಡ್‌ಟಿಎಲ್' ಎಂಬ ಬೋರ್ಡ್ ಕಂಡರೆ ಒಳಗೆ ನುಗ್ಗಬೇಡಿ. ಅನುಮತಿ ಇಲ್ಲದ ಕಾರುಗಳನ್ನು ಕ್ಯಾಮೆರಾ ಹಿಡಿಯುತ್ತದೆ, ದಂಡ ಆಮೇಲೆ ಬರುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ 'ಫಾಯ್ ದಾ ತೆ' ಎಂದಿದ್ದರೆ ನಾವೇ ಹಾಕಿಕೊಳ್ಳುವುದು. 'ಸೆರ್ವಿತೊ' ಎಂದಿದ್ದರೆ ಅವರು ಹಾಕಿಕೊಡುತ್ತಾರೆ, ಲೀಟರ್‌ಗೆ ಬೆಲೆ ಜಾಸ್ತಿ. ಹೆದ್ದಾರಿ ಬಂಕ್‌ಗಿಂತ ಊರೊಳಗಿನ ಬಂಕ್ ಸಾಮಾನ್ಯವಾಗಿ ಅಗ್ಗ.

ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ 145 ಕಿಲೋಮೀಟರ್. ದಾರಿಯಲ್ಲಿ ಟ್ರಾಫಿಕ್ ನಿಂತಿತು. ನೋಡನೋಡುತ್ತಿದ್ದಂತೆ ಎಡ ಸಾಲಿನವರೆಲ್ಲ ಎಡಕ್ಕೆ, ಮಿಕ್ಕವರು ಬಲಕ್ಕೆ ಸರಿದು ನಡುವೆ ಖಾಲಿ ಜಾಗ ಬಿಟ್ಟರು. ಎರಡು ನಿಮಿಷಕ್ಕೆ ಆಂಬುಲೆನ್ಸ್ ಆ ಜಾಗದಲ್ಲಿ ಹಾದುಹೋಯಿತು. ಜರ್ಮನಿ, ಆಸ್ಟ್ರಿಯಾ ಎರಡರಲ್ಲೂ ಇದು ಕಾನೂನು. ಆಂಬುಲೆನ್ಸ್ ಬಂದ ಮೇಲೆ ಅಲ್ಲ, ವೇಗ ತಗ್ಗಿದ ಕೂಡಲೇ ಸರಿಯಬೇಕು. ಅಪ್ಪ ತುಂಬಾ ಹೊತ್ತು ಅದನ್ನೇ ಹೇಳುತ್ತಿದ್ದರು. ಇನ್ನೊಂದು ನಿಯಮವೂ ನೆನಪಿರಲಿ: ಬೋರ್ಡ್, ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರು ಮೊದಲು.

ಆಸ್ಟ್ರಿಯಾದ ಕೆರೆ ದಡದ ಹಳ್ಳಿ ಹಾಲ್‌ಸ್ಟಾಟ್‌ಗೆ ಹೋಗುವುದಾದರೆ ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ. ಆಮೇಲೆ ಪಾರ್ಕಿಂಗ್ ಸಿಗುವುದು ಕಷ್ಟ. ಬ್ಲೆಡ್‌ನಲ್ಲಿ ಕೆರೆ ಸುತ್ತ ಸುಮಾರು 6 ಕಿಲೋಮೀಟರ್, ಪೂರ್ತಿ ಸಮತಟ್ಟು. ಮಂಡಿನೋವಿನ ಅಮ್ಮ ಅರ್ಧ ಸುತ್ತು ನಡೆದರು.

ಬ್ಲೆಡ್‌ನಿಂದ ಇಟಲಿಗೆ ಹೆದ್ದಾರಿ ಬಿಟ್ಟು ವರ್ಶಿಚ್ ಘಾಟಿ ಹತ್ತಿದೆವು. ಆಗುಂಬೆಯಲ್ಲಿ 14 ತಿರುವು ಎಣಿಸಿದವರಿಗೆ ಇಲ್ಲಿ 50. ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಹತ್ತುವಾಗ ತಿರುವುಗಳಿಗೆ ಇನ್ನೂ ಹಳೇ ಕಲ್ಲುಹಾಸು. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಯುದ್ಧಕೈದಿಗಳು ಕಟ್ಟಿದ ರಸ್ತೆ ಇದು. 1916ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರ ನೆನಪಿಗೆ ದಾರಿಯಲ್ಲಿ ಪುಟ್ಟ ಮರದ ಪ್ರಾರ್ಥನಾ ಮಂದಿರ ಇದೆ. ತಪ್ಪದೆ ನಿಲ್ಲಿ. 1,611 ಮೀಟರ್ ಎತ್ತರದ ತುದಿ ದಾಟಿ ಇಳಿದರೆ ಸೋಚಾ ನದಿ, ನೀಲಿಯೋ ಹಸಿರೋ ಹೇಳಲಾಗದ ಬಣ್ಣ. ಆಮೇಲೆ ಪ್ರೆಡಿಲ್ ಘಾಟಿ ದಾಟಿ ಇಟಲಿ. ಆ ದಿನ ಮ್ಯಾಪ್ ಐದೂವರೆ ಗಂಟೆ ಎಂದಿತ್ತು, ನಮಗೆ ಹತ್ತು ಗಂಟೆ ಬೇಕಾಯಿತು. ಘಾಟಿ ಇರುವ ದಿನ ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧದಷ್ಟಾದರೂ ಸೇರಿಸಿ, ಬೇರೇನೂ ಇಟ್ಟುಕೊಳ್ಳಬೇಡಿ.

ವಾಪಸ್ ಬರುವಾಗ ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಘಾಟಿ ರಸ್ತೆ. 1935ರಲ್ಲಿ ಶುರುವಾದ, 48 ಕಿಲೋಮೀಟರ್‌ನ ಟೋಲ್ ರಸ್ತೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಎಡೆಲ್‌ವೈಸ್‌ಸ್ಪಿಟ್ಸ್ ತುದಿ 2,571 ಮೀಟರ್, ಕಾರು ಅಲ್ಲಿವರೆಗೂ ಹೋಗುತ್ತದೆ. ಸೆಪ್ಟೆಂಬರ್‌ನಲ್ಲೂ ಸ್ವೆಟರ್ ಬೇಕೇ ಬೇಕು. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬರಬೇಡಿ. ಆಟೊಮ್ಯಾಟಿಕ್‌ನಲ್ಲೂ ಕೈಯಾರೆ ಕೆಳಗಿನ ಗೇರ್ ಹಾಕಬಹುದು.

ಊಟದ ವಿಷಯಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್‌ಗಳನ್ನೇ ಹಿಡಿದೆವು. ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಊರಿಂದ. ಅಕ್ಕಿ, ಮೊಸರು, ತರಕಾರಿ ಅಲ್ಲೇ. ತುಪ್ಪ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಭಾನುವಾರ ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾದಲ್ಲಿ ಅಂಗಡಿಗಳು ಬಹುತೇಕ ಬಂದ್. ಶನಿವಾರವೇ ಸಾಮಾನು ತನ್ನಿ. ದಾರಿಯ ಟಾಯ್ಲೆಟ್‌ಗೆ ಚಿಲ್ಲರೆ ನಾಣ್ಯ ಬೇರೆ ಡಬ್ಬಿಯಲ್ಲಿರಲಿ.

ಮ್ಯೂನಿಕ್‌ಗೆ ಮರಳುವ ತಾರೀಖು ಅಲ್ಲಿನ ಬಿಯರ್ ಉತ್ಸವ ಆಕ್ಟೋಬರ್‌ಫೆಸ್ಟ್‌ಗೆ ಸಿಗದಂತೆ ನೋಡಿಕೊಳ್ಳಿ. ಅದು ಶುರುವಾಗುವುದು ಸೆಪ್ಟೆಂಬರ್‌ನಲ್ಲೇ, ಆಗ ಹೋಟೆಲ್ ಬಾಡಿಗೆ ಏರಿಬಿಡುತ್ತದೆ. ಗಡಿಯಲ್ಲಿ ಈಗ ಆಗಾಗ ತಪಾಸಣೆ ಇರುತ್ತದೆ, ಜರ್ಮನಿಗೆ ಮರಳುವಾಗ ನಮ್ಮ ಪಾಸ್‌ಪೋರ್ಟ್‌ಗಳನ್ನು ಕೇಳಿದರು. ಪೆಟ್ಟಿಗೆಯ ತಳದಲ್ಲಿ ಇಡಬೇಡಿ. ಕಾರು ಮರಳಿಸುವಾಗ ಟ್ಯಾಂಕ್ ತುಂಬಿಸಿ, ನಾಲ್ಕೂ ಕಡೆ ವಿಡಿಯೊ ತೆಗೆದುಕೊಳ್ಳಿ. ದಂಡದ ಚೀಟಿಗಳು ತಿಂಗಳುಗಟ್ಟಲೆ ತಡವಾಗಿ ಬರುವುದುಂಟು. ವಿನ್ಯೆಟ್ ರಸೀದಿ, ಟೋಲ್ ಚೀಟಿ, ಬಾಡಿಗೆ ಒಪ್ಪಂದ ಎಲ್ಲವೂ ನಮ್ಮ ಮನೆಯ ಬೀರುವಿನಲ್ಲಿ ಒಂದು ಕವರ್‌ನಲ್ಲಿ ಇನ್ನೂ ಹಾಗೇ ಇವೆ.